ಸಾವಿರ ವಾಟ್ಸ್, ಆದ್ರೆ ಪದ ಕೇಳಿಸ್ಲಿಲ್ಲ

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಊರು ಅಂದ್ರೆ ಕೊಕ್ಕರ್ಣೆ, ಬ್ರಹ್ಮಾವರದಿಂದ ಒಳಗೆ, ಮಂದಾರ್ತಿಗೆ ಹತ್ತಿರ. ಅಜ್ಜಯ್ಯನಿಗೆ ಯಕ್ಷಗಾನ ಅಂದ್ರೆ ಪ್ರಾಣ. ಈಗ ಮಂಡಿನೋವು, ಮಂದಾರ್ತಿ ಮೇಳದ ಆಟ ಪಕ್ಕದ ಗದ್ದೆಯಲ್ಲೇ ಆದರೂ ಹೋಗಿ ಕೂರೋಕಾಗಲ್ಲ. ಅದಕ್ಕೇ ಬೋನಸ್ ದುಡ್ಡಲ್ಲಿ ಒಂದು 5.1 ಹೋಮ್ ಥಿಯೇಟರ್ ಸೆಟ್ ಹೊತ್ತುಕೊಂಡು ಹೋದೆ. ಡಬ್ಬದ ಮೇಲೆ "1000 ವಾಟ್ಸ್" ಅಂತ ದಪ್ಪಕ್ಷರ. ಇಂಜಿನಿಯರಿಂಗ್ ಓದಿಯೂ ನಂಬಿದೆ :-)

ಕಾಳಿಂಗ ನಾವಡರ ಹಳೇ ಪದ ಹಾಕಿದೆ. ಅಜ್ಜಯ್ಯ ಎರಡು ನಿಮಿಷ ಕೇಳಿ ಹೇಳಿದ್ದು: "ಇದೆಂತ ಮಗಾ, ಬರೀ ಗುಡುಗುಡು! ಪದ ಒಂದೂ ಕೇಂತಿಲ್ಲೆ."

ತಪ್ಪು ಎಲ್ಲಿ ಅಂತ ಕೂತು ಯೋಚಿಸಿದೆ. ಆ ಸೆಟ್ಟಿನ ಸ್ಪೀಕರ್‌ಗಳು ಅಂಗೈಯಷ್ಟು. ಕೆಳಗಿನ ಸ್ವರ ಅವುಗಳ ಕೈಲಾಗಲ್ಲ. ಹಾಗಾಗಿ ಸುಮಾರು 150 ಹರ್ಟ್ಸ್‌ವರೆಗಿನ ಸದ್ದೆಲ್ಲ ಸಬ್‌ವೂಫರ್ ಪಾಲು. ಗಂಡಸರ ಮಾತಿನ ತಳಸ್ವರ ಇರೋದೇ 100 ಹರ್ಟ್ಸ್ ಆಸುಪಾಸು. ಅಂದ್ರೆ ವೇಷಧಾರಿಯ ಅರ್ಧ ಗಂಟಲು, ಮದ್ದಳೆಯ ಅರ್ಧ ಪೆಟ್ಟು ಮೂಲೆಯ ಪೆಟ್ಟಿಗೆಯಿಂದ ಬರ್ತಿತ್ತು. ಮೂಲೆಯಲ್ಲಿಟ್ಟರೆ ಬಾಸ್ ಇನ್ನೂ ಉಬ್ಬುತ್ತೆ. ಅದರಡಿ ಭಾಗವತರು ಮುಳುಗಿ ಹೋಗಿದ್ರು.

ನಾವೆಲ್ಲ ವಾಟ್ಸ್ ನೋಡಿ ಕೊಳ್ತೀವಿ. ಅದು ಉಲ್ಟಾ ದಾರಿ ಅನ್ನೋದು ನನ್ನ ಅಭಿಪ್ರಾಯ. ವಾಟ್ಸ್ ಎರಡು ಪಟ್ಟು ಮಾಡಿದ್ರೂ ಸಿಗೋದು 3 ಡೆಸಿಬೆಲ್ ಅಷ್ಟೇ. ಕಿವಿಗೆ "ಎರಡು ಪಟ್ಟು ಜೋರು" ಅನ್ನಿಸೋಕೆ ಸುಮಾರು 10 ಡೆಸಿಬೆಲ್ ಬೇಕು. 87 ಡೆಸಿಬೆಲ್ ಸ್ಪೀಕರ್ ಬದಲು 90ರದ್ದು ತಂದ್ರೆ ಅರ್ಧ ವಾಟ್ಸಿಗೇ ಅಷ್ಟೇ ಸದ್ದು. ಇನ್ನು "ಪಿಎಂಪಿಓ" ಅಂತ ಬರೆದಿದ್ರೆ ಆ ಸಂಖ್ಯೆ ಮರೆತುಬಿಡಿ, ಆರ್‌ಎಂಎಸ್ ಎಷ್ಟು ಅಂತ ಕೇಳಿ.

ಹಾಗಾದ್ರೆ ಸರಿ ದಾರಿ? ಮೊದಲು ನಿಮ್ಮ ಕಿವಿಗೆ ಒಪ್ಪುವ ಎರಡು ಒಳ್ಳೆ ಸ್ಪೀಕರ್. ಆಮೇಲೆ ಅವುಗಳ ಓಮ್ಸ್ ನೋಡಿ ರಿಸೀವರ್. 8 ಓಮ್ಸ್‌ಗೆ ಮಾಡಿದ ರಿಸೀವರ್‌ಗೆ 4 ಓಮ್ಸ್ ಸ್ಪೀಕರ್ ಕಟ್ಟಿದ್ರೆ ಕರೆಂಟ್ ಜಾಸ್ತಿ ಎಳೆದು ಬಿಸಿಯಾಗಿ ಆಫ್ ಆಗುತ್ತೆ. ಸಬ್‌ವೂಫರ್ ಕೊನೆಗೆ. ರಿಸೀವರಲ್ಲಿ ಸ್ಪೀಕರ್ "ಸ್ಮಾಲ್", ಕ್ರಾಸ್ಓವರ್ 80 ಹರ್ಟ್ಸ್ ಅಂತ ಇಟ್ಟು ಶುರು ಮಾಡಿ. ಅಷ್ಟು ಕೆಳಗಿನ ಸದ್ದು ಯಾವ ಕಡೆಯಿಂದ ಬರ್ತಿದೆ ಅಂತ ಕಿವಿಗೆ ಸುಲಭಕ್ಕೆ ಗೊತ್ತಾಗಲ್ಲ. ಸಬ್ಬಿನ ಹಿಂದೆ ಫೇಸ್ ಸ್ವಿಚ್ ಇರುತ್ತೆ. 0, 180 ಎರಡರಲ್ಲೂ ಕೇಳಿ, ಮದ್ದಳೆ ತುಂಬಿ ಕೇಳೋ ಕಡೆ ಬಿಡಿ.

ಐದು ಸ್ಪೀಕರ್ ಬೇಡ್ವಾ ಅಂತೀರಾ? ಸಿನಿಮಾಕ್ಕೆ ಬೇಕು. ಆದ್ರೆ ನಾವಡರು ತೀರಿಕೊಂಡಿದ್ದು 1990ರಲ್ಲಿ. ಅವರ ಪದಗಳನ್ನ ಯಾರೂ 5.1ಕ್ಕೆ ರೆಕಾರ್ಡ್ ಮಾಡಿಲ್ಲ. ಅಜ್ಜಯ್ಯನಿಗೆ ಎರಡೇ ಸಾಕು.

ಆ ಸೆಟ್ಟನ್ನ ಅರ್ಧ ಬೆಲೆಗೆ ಮಾರಿದೆ. ಯುಗಾದಿಗೆ ಎರಡು ಪುಸ್ತಕದ ಕಪಾಟಿನ ಸ್ಪೀಕರ್, ಒಂದು ಸೆಕೆಂಡ್ ಹ್ಯಾಂಡ್ ರಿಸೀವರ್, ಒಂದು ಸಣ್ಣ ಸಬ್ ಜೋಡಿಸಿದೆ. ಅದೇ ಪದ ಹಾಕಿದೆ. ಅಜ್ಜಯ್ಯ ಕಣ್ಣು ಮುಚ್ಚಿ ತೊಡೆ ಮೇಲೆ ತಾಳ ಹಾಕ್ತಾ ಕೂತರು. ಪದ ಮುಗಿದ ಮೇಲೆ ಸಬ್ ಕಡೆ ಕೈ ತೋರಿಸಿ ಕೇಳಿದ್ರು: "ಆ ಪೆಟ್ಗಿ ಹಾಳಾಯ್ತಾ ಮಗಾ? ಸದ್ದೇ ಇಲ್ಲೆ."

ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ? ನಿಮ್ಮನೇಲಿ ಸಬ್ ಸದ್ದು ಬೇರೆಯಾಗಿ ಕೇಳುತ್ತಾ? ಒಮ್ಮೆ ಕೇಳಿ ನೋಡಿ, ಹೇಳಿ.