ಹರವಿಯ ನೀರೂ ಏಸಿಯ ಗ್ಯಾಸೂ

ಕೊಪ್ಪಳ ಸೀಮೆಯ ಬೇಸಗೆಯನ್ನು ಅನುಭವಿಸಿದವರಿಗೆ ಅದರ ವರ್ಣನೆ ಬೇಕಿಲ್ಲ. ಹುಬ್ಬಳ್ಳಿ–ಗುಂತಕಲ್ಲು ರೈಲುದಾರಿಯಲ್ಲಿ ಗದಗನ್ನು ದಾಟಿ ಪೂರ್ವಕ್ಕೆ ಸಾಗಿದರೆ ದೊರೆಯುವ ತಳಕಲ್ಲಿನಲ್ಲಿ, ಗದಗ–ವಾಡಿ ಹೊಸ ಮಾರ್ಗ ಕವಲೊಡೆಯುವ ಆ ನಿಲ್ದಾಣದಲ್ಲಿ, ಏಪ್ರಿಲ್ ತಿಂಗಳ ಮಧ್ಯಾಹ್ನ ಒಂದು ಗಳಿಗೆ ನಿಂತರೆ ಸಾಕು. ಹಿಂದಿನವರು ದಪ್ಪ ಗೋಡೆಯಿಂದಲೂ ಮಣ್ಣಿನ ಮಾಳಿಗೆಯಿಂದಲೂ ಬಿಸಿಲನ್ನು ಹೊರಗಿಟ್ಟರು. ಇಂದಿನವರು ಕಾಂಕ್ರೀಟಿನ ಚಾವಣಿಯಿಂದ ಅದನ್ನು ಒಳಗೆ ಕರೆದುಕೊಂಡು, ಮತ್ತೆ ಹೊರದೂಡುವುದಕ್ಕಾಗಿ ಏಸಿಯನ್ನು ತಂದು ಕೂಡಿಸಿದರು.

ಏಸಿಗೆ ವಯಸ್ಸಾದೊಡನೆ ಅನೇಕ ಮನೆಗಳಲ್ಲಿ ಪ್ರತಿವರ್ಷವೂ ಒಂದೇ ಸಂಭಾಷಣೆ ನಡೆಯುತ್ತದೆ.

“ಗ್ಯಾಸ್ ಖಾಲಿ ಆಗೇತ್ರಿ, ಸಾಹೇಬ್ರ.”

“ಹೋದ ಬ್ಯಾಸಿಗ್ಯಾಗ ತುಂಬಿಸಿದ್ನೆಲ್ಲೋ ತಮ್ಮಾ, ಎಲ್ಲಿ ಹೋತದು?”

“ಹಳೇ ಮಷೀನ್ ನೋಡ್ರಿ. ಈ ಸಲ ರೇಟೂ ಏರೇತಿ.”

ಯಜಮಾನರು ನಿಟ್ಟುಸಿರಿಟ್ಟು ಹಣ ಎಣಿಸುತ್ತಾರೆ. ಆದರೆ ಅವರು ಕೇಳಿದ ಪ್ರಶ್ನೆಗೆ ಉತ್ತರ ಸಿಗಲೇ ಇಲ್ಲ!

ಮಣ್ಣಿನ ಹರವಿಯಲ್ಲಿ ನೀರು ತಂಪಾಗುವುದು ಹೇಗೆ? ಹೊರಮೈಗೆ ಜಿನುಗಿದ ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಏಸಿಯಲ್ಲಿಯೂ ತತ್ತ್ವ ಅದೇ. ಒಳಗಿನ ಕೊಳವೆಯಲ್ಲಿ ದ್ರವವು ಆವಿಯಾಗಿ ಕೋಣೆಯ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಹೊರಗಿನ ಪೆಟ್ಟಿಗೆಗೆ ಕಳುಹಿಸುತ್ತದೆ. ಅಲ್ಲಿ ಶಾಖವನ್ನು ಬಿಟ್ಟು ಪುನಃ ದ್ರವವಾಗಿ ಹಿಂದಿರುಗುತ್ತದೆ. ಹರವಿಯಿಂದ ಹೋದ ನೀರು ಹೋದಂತೆಯೇ. ಏಸಿಯ ಅನಿಲವಾದರೋ ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಅದು ಸೀಮೆಎಣ್ಣೆಯಂತೆ ಉರಿದು ತೀರುವ ವಸ್ತುವಲ್ಲ. ಕಡಿಮೆಯಾಯಿತೆಂದರೆ ಎಲ್ಲಿಯೋ ತೂತು ಬಿದ್ದಿದೆ ಎಂದೇ ಅರ್ಥ. ತೂತನ್ನು ಹುಡುಕದೆ ಅನಿಲ ತುಂಬಿಸುವುದು ತೂತು ಕೊಡಕ್ಕೆ ನೀರು ಹೊತ್ತಂತೆ.

ದರ ಏರುವುದೇಕೆ? ಹಳೆಯ ಏಸಿಗಳಲ್ಲಿ ಬಹುಪಾಲು ಆರ್-22 ಎಂಬ ಅನಿಲದವು. ಅದರಲ್ಲಿರುವ ಕ್ಲೋರಿನ್ ಆಕಾಶಕ್ಕೇರಿ, ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯುವ ಓಜೋನ್ ಪದರವನ್ನು ಕ್ಷೀಣಗೊಳಿಸುತ್ತದೆ. ಇಂಥ ಅನಿಲಗಳ ಕ್ಲೋರಿನ್ ಓಜೋನನ್ನು ನಾಶಮಾಡಬಲ್ಲದೆಂದು ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು 1974ರಲ್ಲಿಯೇ ಎಚ್ಚರಿಸಿದ್ದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. 1992ರಲ್ಲಿ ಭಾರತವೂ ಅದನ್ನು ಸೇರಿತು. ಅದರ ಪ್ರಕಾರ ಭಾರತದಂಥ ದೇಶಗಳು ಆರ್-22ರ ಬಳಗದ ಅನಿಲಗಳನ್ನು 2009–10ರ ಸರಾಸರಿ ಪ್ರಮಾಣಕ್ಕಿಂತ 2020ಕ್ಕೆ ಶೇಕಡ 35ರಷ್ಟು, 2025ಕ್ಕೆ ಶೇಕಡ 67.5ರಷ್ಟು ತಗ್ಗಿಸಬೇಕು. 2030ರ ಅನಂತರ ಉಳಿಯುವುದು ರಿಪೇರಿಗೆಂದು ಅತ್ಯಲ್ಪ ಪ್ರಮಾಣ. ಅದೂ 2040ರವರೆಗೆ ಮಾತ್ರ. ಪದಾರ್ಥ ಕಡಿಮೆಯಾಗುತ್ತಿದೆ, ಬೇಡುವ ಹಳೆಯ ಏಸಿಗಳು ಇನ್ನೂ ಗೋಡೆಯ ಮೇಲಿವೆ. ಬೆಲೆ ಮೇಲಕ್ಕಲ್ಲದೆ ಕೆಳಕ್ಕೆ ಹೋದೀತೆ?

“ಹಾಗಾದರೆ ಹೊಸ ಅನಿಲವನ್ನೇ ಹಳೆಯ ಏಸಿಗೆ ತುಂಬಿಸಿದರಾಯಿತು” ಎಂಬ ಜಾಣತನ ಕೆಲವರದು. ಇದು ಅಪಾಯದ ಜಾಣತನ. ಇಂದಿನ ಏಸಿಗಳಲ್ಲಿ ಬಳಕೆಯಾಗುವ ಆರ್-32ರ ಒತ್ತಡ ಆರ್-22ಕ್ಕಿಂತ ಬಹಳ ಹೆಚ್ಚು. ಅದಕ್ಕೆ ಬೇಕಾದ ಎಣ್ಣೆ ಬೇರೆ. ಮೇಲಾಗಿ ಅದಕ್ಕೆ ಅಲ್ಪಸ್ವಲ್ಪ ಹೊತ್ತಿಕೊಳ್ಳುವ ಗುಣವೂ ಉಂಟು. ಹಳೆಯ ಕೊಳವೆ, ಹಳೆಯ ಕಂಪ್ರೆಸರ್ ಅದಕ್ಕಾಗಿ ಮಾಡಿದವಲ್ಲ. ಯಾವ ಅನಿಲಕ್ಕೆ ಕಟ್ಟಿದ ಏಸಿಯೋ ಅದು ಅದರ ಮೈಮೇಲಿನ ಫಲಕದಲ್ಲಿ ಅಚ್ಚಾಗಿರುತ್ತದೆ. ಪ್ರಮಾಣವೂ ತೂಕದಲ್ಲಿ ಅಲ್ಲಿಯೇ ಇರುತ್ತದೆ. ರಿಪೇರಿಯವರನ್ನು ಕರೆಯುವ ಮುನ್ನ ಗೃಹಸ್ಥನು ಆ ಫಲಕವನ್ನು ಒಮ್ಮೆ ಓದಿಕೊಳ್ಳುವುದು ಲೇಸು.

ಬಂದವರನ್ನು ಮೂರು ಮಾತು ಕೇಳಬೇಕು. ತೂತು ಎಲ್ಲಿದೆ? ಬೆಸುಗೆಯಾದ ಮೇಲೆ ಪಂಪಿನಿಂದ ಕೊಳವೆಯ ಗಾಳಿಯನ್ನೂ ತೇವವನ್ನೂ ತೆಗೆದಿರೋ? ಅನಿಲವನ್ನು ತೂಗಿ ಹಾಕುವಿರೋ, ಅಂದಾಜಿನ ಮೇಲೋ? ಸಣ್ಣ ತೂತಾದರೆ ಬೆಸುಗೆಯೇ ಅಗ್ಗ. ತಾಮ್ರದ ಸುರುಳಿಯೇ ಸವೆದು ಹಲವೆಡೆ ಸೋರುತ್ತಿದ್ದರೆ ಇನ್ನೊಮ್ಮೆ ತುಂಬಿಸುವುದಕ್ಕಿಂತ, ಆ ಹಣವನ್ನು ಹೊಸ ಏಸಿಯ ಗಂಟಿಗೆ ಸೇರಿಸುವುದೇ ವಿವೇಕ. ಕೋಣೆಯ ಏಸಿಗಳ ಮೇಲೆ ನಕ್ಷತ್ರಗಳ ಚೀಟಿ 2010ರಿಂದ ಕಡ್ಡಾಯವಾಗಿದೆ. ಅದನ್ನು ಓದಿ ಕೊಂಡರೆ ಕರೆಂಟಿನ ಬಿಲ್ಲಿನಲ್ಲಿಯೂ ಉಳಿತಾಯ.

ಹಳೆಯ ಏಸಿಯನ್ನು ಬಿಚ್ಚುವಾಗ ಇನ್ನೊಂದು ಎಚ್ಚರ ಬೇಕು. ಸಿಲಿಂಡರಿಗೆ ಹಿಡಿದಿಡಬೇಕಾದ ಅನಿಲವನ್ನು ‘ಭುಸ್ಸ್’ ಎಂದು ಗಾಳಿಗೆ ಬಿಡುವುದುಂಟು. ಆರ್-22 ಓಜೋನನ್ನು ಕೆಡಿಸುವುದಷ್ಟೇ ಅಲ್ಲ. ಭೂಮಿಯನ್ನು ಬಿಸಿಮಾಡುವುದರಲ್ಲಿ ಅದರ ಒಂದು ಕಿಲೋ ಇಂಗಾಲಾಮ್ಲದ ಸುಮಾರು 1,800 ಕಿಲೋಗೆ ಸಮ. ಒಂದು ಕೋಣೆಯನ್ನು ತಂಪುಗೊಳಿಸಲೆಂದು ತಂದದ್ದು ಊರಿನ ಬಿಸಿಲನ್ನೇ ಹೆಚ್ಚಿಸಿದರೆ, ಏಸಿಯಿಲ್ಲದ ನೆರೆಮನೆಯವನು, ಹೊಲದಲ್ಲಿ ದುಡಿಯುವವನು ಆ ಸಾಲವನ್ನು ತೀರಿಸಬೇಕಾಗುತ್ತದೆ.

ಹೊಸ ಏಸಿ ಬಂದರೂ ಚಾವಣಿ ಕಾಯುತ್ತಲೇ ಇರುತ್ತದೆ. ಅದರ ಮೇಲೆ ಬಿಳಿಯ ಸುಣ್ಣ, ಪಶ್ಚಿಮದ ಕಿಟಕಿಗೊಂದು ತಟ್ಟಿ, ಅಂಗಳದಲ್ಲೊಂದು ಬೇವು: ಇವಕ್ಕೆ ಅನಿಲ ಬೇಡ, ಇವು ಸೋರುವುದೂ ಇಲ್ಲ. ಏಸಿಯ ಕೆಲಸವನ್ನು ಅರ್ಧ ಹಗುರಮಾಡಿದವರಿಗೆ ಅದರ ಖರ್ಚೂ ಅಷ್ಟು ಹಗುರವಾದೀತು.