ಬಿಲ್ಲಿನಲ್ಲಿ ಕಾಣದ ಖರ್ಚು

ಬೀದರ್, ರಾಯಚೂರು ಕಡೆಯಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರುವವರಿಗೆ ರೇಡಿಯೇಷನ್ ಎಂದರೆ ಎಷ್ಟೋ ಸಲ ಐದಾರು ವಾರದ ಮಾತು. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಸಲ, ಯಂತ್ರದಡಿ ಕೆಲವೇ ನಿಮಿಷ. ಉಳಿದ ಹೊತ್ತು ಎಲ್ಲಿರಬೇಕು? ಬಿಪಿಎಲ್ ಕುಟುಂಬದ ಚಿಕಿತ್ಸೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಆದರೆ ಕೋಣೆ ಬಾಡಿಗೆ, ಊಟ, ಜೊತೆಗೆ ಬಂದವರ ತಪ್ಪಿದ ಕೂಲಿ? ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು ಊರಿನ ಬಸ್ಸು ಹತ್ತುವವರಲ್ಲಿ ಅನೇಕರನ್ನು ಸೋಲಿಸುವುದು ಈ ಖರ್ಚೇ.

ಹಾಗಾಗಿ ಇನ್ಫೊಸಿಸ್ ಪ್ರತಿಷ್ಠಾನ ಕಿದ್ವಾಯಿಯಲ್ಲಿ ಕಟ್ಟಿಸಿಕೊಟ್ಟ ಧರ್ಮಶಾಲೆಯನ್ನು ಯಾವ ಯಂತ್ರದ ಕೊಡುಗೆಗೂ ಕಡಿಮೆಯೆಂದು ನಾನು ಎಣಿಸುವುದಿಲ್ಲ. ಮಾರತ್ತಹಳ್ಳಿಯ ಕರುಣಾಶ್ರಯದ ಬೆಲೆ ಇನ್ನೂ ದೊಡ್ಡದು. ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿಯವರು ಕೂಡಿ ಹುಟ್ಟುಹಾಕಿದ ಈ ಸಂಸ್ಥೆ, ಇನ್ನು ಗುಣವಾಗದು ಎಂದು ವೈದ್ಯರು ಹೇಳಿದವರ ನೋವು ತಗ್ಗಿಸಿ ಕೊನೆಯವರೆಗೂ ನೋಡಿಕೊಳ್ಳುತ್ತದೆ. ರೋಗಿಯಿಂದ ಒಂದು ರೂಪಾಯಿಯನ್ನೂ ಪಡೆಯುವುದಿಲ್ಲ. ಅದು ನಡೆಯುತ್ತಿರುವುದು ದಾನಿಗಳಿಂದ.

ದಾನದ ಬಲಕ್ಕೆ ಹಳೆಯ ಉದಾಹರಣೆಯೂ ಇದೆ. ಚೆನ್ನೈನ ಅಡ್ಯಾರಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ, ಕ್ಯಾನ್ಸರಿಗೆ ತಂಗಿಯನ್ನು ಕಳೆದುಕೊಂಡ ನೋವಿನಲ್ಲೇ ಜನರ ಮುಂದೆ ಕೈಯೊಡ್ಡಿ 1954ರಲ್ಲಿ ಆರಂಭಿಸಿದ್ದು 12 ಹಾಸಿಗೆಯ ಆಸ್ಪತ್ರೆ. ಇಂದು ಅದು ದೇಶದ ಹೆಸರಾಂತ ಕ್ಯಾನ್ಸರ್ ಸಂಸ್ಥೆ.

ಹಣವಿಲ್ಲದವರೂ ಕೊಡಬಹುದಾದದ್ದೊಂದಿದೆ: ರಕ್ತ. ರಕ್ತದ ಕ್ಯಾನ್ಸರಿನ ಮಗುವಿಗೆ ಕಿಮೊ ಕೊಟ್ಟ ಮೇಲೆ ಪ್ಲೇಟ್‌ಲೆಟ್ ಕುಸಿಯುತ್ತದೆ, ರಕ್ತಸ್ರಾವದ ಭಯ ಶುರುವಾಗುತ್ತದೆ. ದಾನಿಯಿಂದ ತೆಗೆದ ಪ್ಲೇಟ್‌ಲೆಟ್ ಬಾಳುವುದು ಸುಮಾರು ಐದು ದಿನ, ಕೂಡಿಡಲಾಗದು. ಕಾಲೇಜುಗಳು ಮುಚ್ಚುವ ಬೇಸಿಗೆಯಲ್ಲಿ, ಹಬ್ಬದ ರಜೆಯಲ್ಲಿ ರಕ್ತದಾನ ಶಿಬಿರಗಳು ವಿರಳವಾಗುತ್ತವೆ. ಕಾಯಿಲೆಗೆ ರಜೆಯಿಲ್ಲ. ಆಗ ಗುರುತಿಲ್ಲದ ಊರಿನಲ್ಲಿ ಅಪ್ಪ ಫೋನು ಹಿಡಿದು ಕಂಡಕಂಡವರನ್ನು ಬೇಡಬೇಕಾಗುತ್ತದೆ. ಅಂಥ ಸ್ಥಿತಿ ಯಾವ ತಂದೆಗೂ ಬರಬಾರದು.

ನಾಯಕರ ಹುಟ್ಟುಹಬ್ಬಕ್ಕೆ ಆಸ್ಪತ್ರೆಯಲ್ಲಿ ಹಣ್ಣು, ಬ್ರೆಡ್ ಹಂಚುವ ಪದ್ಧತಿ ನಮ್ಮಲ್ಲಿದೆ. ಆ ಒಳ್ಳೆಯ ಮನಸ್ಸನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಿಮೊ ನಡೆಯುವಾಗ ಬಾಯಿ ಹುಣ್ಣಾಗಿ, ವಾಕರಿಕೆಯಿಂದ ಎಷ್ಟೋ ರೋಗಿಗಳಿಗೆ ತುತ್ತು ಇಳಿಯುವುದಿಲ್ಲ. ಏನು ಬೇಕೆಂದು ಕೇಳಿ ಕೊಟ್ಟರೆ ಅದೇ ಹಣ ಒಬ್ಬ ರೋಗಿಯ ಬಸ್ ಖರ್ಚಾದೀತು, ಒಂದು ವಾರದ ಕೋಣೆಯಾದೀತು.

ಮುಂದಿನ ಗೃಹಪ್ರವೇಶವೋ ಮಗುವಿನ ಹುಟ್ಟುಹಬ್ಬವೋ ಬಂದಾಗ, ಹತ್ತಿರದ ಕ್ಯಾನ್ಸರ್ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಒಮ್ಮೆ ಭೇಟಿಯಾಗಿ. ಯಾವ ರೋಗಿ ಹಣವಿಲ್ಲದೆ ಊರಿಗೆ ಹೊರಟಿದ್ದಾರೆಂದು ಅವರಿಗೆ ಗೊತ್ತಿರುತ್ತದೆ.