ಯಾವುದರ ಎರಡು ಪಟ್ಟು?

ವಿಮಾನ ಅಪಘಾತದ ವರದಿಯಲ್ಲಿ ಒಂದು ದೊಡ್ಡ ಅಂಕಿ ಸಿಕ್ಕರೆ ಸಾಕು, ಅದನ್ನೇ ತೀರ್ಪೆಂದು ಓದುವವರಿಗೆ ಕೊರತೆಯಿಲ್ಲ.

2001ರ ನವೆಂಬರ್ 12ರಂದು ನ್ಯೂಯಾರ್ಕಿನಿಂದ ಹೊರಟ ಅಮೆರಿಕನ್ ಏರ್‌ಲೈನ್ಸ್‌ನ 587ನೇ ಹಾರಾಟದ ಏರ್‌ಬಸ್ ಎ300-600 ವಿಮಾನ, ಮುಂದೆ ಹೋದ ಜಂಬೋ ಜೆಟ್ ಎಬ್ಬಿಸಿದ ಗಾಳಿಸುಳಿಗೆ ಸಿಕ್ಕಿತು. ಸಹಪೈಲಟ್ ರಡ್ಡರ್ ಪೆಡಲುಗಳನ್ನು ಎಡಕ್ಕೆ, ಬಲಕ್ಕೆ ಮತ್ತೆ ಮತ್ತೆ ಜೋರಾಗಿ ಒತ್ತಿದರು. ಬಾಲದ ನೆಟ್ಟನೆಯ ರೆಕ್ಕೆಯೇ ಕಿತ್ತುಹೋಯಿತು. ವಿಮಾನದಲ್ಲಿದ್ದ 260 ಮಂದಿ, ನೆಲದ ಮೇಲಿದ್ದ 5 ಮಂದಿ ಸತ್ತರು.

ಬಳಕೆಯಲ್ಲಿ ಎದುರಾಗಬಹುದಾದ ಗರಿಷ್ಠ ಹೊರೆಗೆ ‘ಮಿತಿ ಹೊರೆ’ ಎನ್ನುತ್ತಾರೆ. ಅದರ ಒಂದೂವರೆ ಪಟ್ಟನ್ನು ವಿಮಾನ ಮುರಿಯದೆ ತಾಳಬೇಕು. ಈ ರೆಕ್ಕೆ ಮುರಿದದ್ದು ಸುಮಾರು ಎರಡು ಪಟ್ಟಿನಲ್ಲಿ. ಹಾಗಾದರೆ ವಿಮಾನ ಗಟ್ಟಿಯಾಗಿಯೇ ಇತ್ತು, ತಪ್ಪೆಲ್ಲ ಪೈಲಟನ ಕಾಲಿನದು ಎಂಬ ವಾದ ಹುಟ್ಟಿತು.

ಈ ವಾದದ ಮೊದಲರ್ಧ ಸರಿ. ಕಾರ್ಬನ್ ನಾರಿನ ಆ ರೆಕ್ಕೆ ದುರ್ಬಲವಾಗಿರಲಿಲ್ಲ ಎಂಬುದನ್ನು ಅಂಕಿ ತೋರಿಸುತ್ತದೆ. ಉಳಿದರ್ಧವನ್ನು ಅಂಕಿಯ ಬಾಯಿಗೆ ತುರುಕಲಾಗಿದೆ. ಏಕೆಂದರೆ ಮಿತಿ ಹೊರೆ ಪ್ರಕೃತಿ ಕೊಟ್ಟದ್ದಲ್ಲ, ನಿಯಮ ಬರೆದವರ ಊಹೆಯಿಂದ ಬಂದದ್ದು. ಪೈಲಟ್ ಪೆಡಲನ್ನು ಒಂದು ಕಡೆಗೆ ಪೂರ್ತಿ ಒತ್ತಿ, ಆಮೇಲೆ ನಡುವಿಗೆ ತರುತ್ತಾನೆ ಎಂದಷ್ಟೇ ಆಗಿನ ನಿಯಮ ಊಹಿಸಿತ್ತು. ವಿಮಾನ ಓರೆಯಾಗಿ ಜಾರುತ್ತಿರುವಾಗಲೇ ರಡ್ಡರನ್ನು ಎದುರು ದಿಕ್ಕಿಗೆ ತಿರುಗಿಸಿದರೆ, ಜಾರುವಿಕೆಯ ಹೊರೆ ಮತ್ತು ರಡ್ಡರಿನ ಹೊರೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಆ ಲೆಕ್ಕ ನಿಯಮದಲ್ಲಿರಲಿಲ್ಲ.

ಕಾಲಿಗೆ ಗೊತ್ತಾಗಬೇಕಿತ್ತಲ್ಲ ಎನ್ನಬಹುದು. 250 ನಾಟ್ ವೇಗದಲ್ಲಿ ಆ ಪೆಡಲ್ ಅಲುಗಾಡಲು 22 ಪೌಂಡ್ ಒತ್ತಡ ಬೇಕು, ಕೊನೆ ಮುಟ್ಟಲು 32 ಪೌಂಡ್ ಸಾಕು. ಚಲನೆ ಒಂದಿಂಚಿಗಿಂತ ತುಸು ಹೆಚ್ಚು, ಅಷ್ಟೆ. ಸ್ವಲ್ಪ ಒತ್ತಿದ್ದಕ್ಕೂ ಪೂರ್ತಿ ಒತ್ತಿದ್ದಕ್ಕೂ ಕಾಲು ಹೇಗೆ ವ್ಯತ್ಯಾಸ ತಿಳಿಯಬೇಕು?

ಅಮೆರಿಕದ ತನಿಖಾ ಮಂಡಳಿ ಎನ್‌ಟಿಎಸ್‌ಬಿ 2004ರಲ್ಲಿ, ಸಹಪೈಲಟ್‌ನ ಅನಗತ್ಯ, ಅತಿಯಾದ ಪೆಡಲ್ ಬಳಕೆಯೇ ಕಾರಣ ಎಂದಿತು. ರಡ್ಡರ್ ವ್ಯವಸ್ಥೆಯ ಗುಣ ಮತ್ತು ಕಂಪನಿಯ ತರಬೇತಿ ಕೂಡ ಅದಕ್ಕೆ ಇಂಬುಕೊಟ್ಟವು ಎಂದೂ ಹೇಳಿತು. ತಯಾರಕರು ತರಬೇತಿಯತ್ತ, ಕಂಪನಿ ರಡ್ಡರಿನತ್ತ ಬೆರಳು ತೋರಿದವು. ಸತ್ತ ಪೈಲಟ್ ಯಾರತ್ತಲೂ ತೋರಿಸಲಾರ.

2022ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಹೊಸ ವಿನ್ಯಾಸಗಳಿಗೆ ರಡ್ಡರ್ ಎದುರು ತಿರುಗುವ ಹೊರೆಯನ್ನೂ ಕಡ್ಡಾಯ ಮಾಡಿತು. ತಪ್ಪು ಒಂದು ಕಾಲಿನದಷ್ಟೇ ಆಗಿದ್ದರೆ ನಿಯಮವನ್ನೇಕೆ ತಿದ್ದಬೇಕಿತ್ತು? ‘ಎರಡು ಪಟ್ಟು’ ಎಂದವರನ್ನು ‘ಯಾವುದರ ಎರಡು ಪಟ್ಟು’ ಎಂದು ಕೇಳದೆ ಬಿಡಬಾರದು.